ನಾಲ್ಕು ಬಾಟಲಿ ಕಡಲು

ಮಂಗಳವಾರ, ಶುಕ್ರವಾರ ಉಳ್ಳಾಲದಿಂದ
ಘಾಟಿ ಹತ್ತಿ ಬರುತ್ತದೆ ಇದಿನಬ್ಬನ ಮೀನಿನ ಟೆಂಪೊ.
ಈ ಸಲ ಬೂತಾಯಿಯ ಜೊತೆ ಒಂದು ಕ್ಯಾನು ಕಡಲು.
"ಉಪ್ಪಿಗೆ ಬರವಾ ಮಾರಾಯ್ರೆ ಸಕಲೇಶಪುರದಲ್ಲಿ?" ಅಂದ.
ದುಡ್ಡು ಮುಟ್ಟಲಿಲ್ಲ.

ನಾನು ಲ್ಯಾಬಿನ ಅಟೆಂಡರು, ಹೇಳಿದ್ದು ಮಾಡುವವನು.
ಲವೀನಾ ಮಿಸ್ ಹೇಳಿದರು: ನಾಲ್ಕು ಬಾಟಲಿ,
ಕಿಟಕಿಯ ಕಟ್ಟೆ, ಬೆಳಗಿನ ಬಿಸಿಲು.
ಒಂದಕ್ಕೆ ಏನೂ ಇಲ್ಲ.
ಒಂದಕ್ಕೆ ಉಗುರಿನ ತುದಿಯಷ್ಟು ಯೂರಿಯಾ.
ಇನ್ನೊಂದಕ್ಕೆ ಯೂರಿಯಾ, ಮೇಲೆ ಸೂಪರ್ ಫಾಸ್ಫೇಟು.
ಕೊನೆಯದಕ್ಕೆ ಕೆಂಪುಹೊಳೆಯ ಅರ್ಧ ಲೋಟ ನೀರು,
ಮಳೆ ಬಿದ್ದ ಮರುದಿನದ್ದು, ಬಂಡೆ ತೊಳೆದದ್ದು.

"ಕಡಲಲ್ಲೂ ಹುಲ್ಲಿದೆ ಜವರಪ್ಪ,
ಬೇರಿಲ್ಲ, ಗರಿಯಿಲ್ಲ, ಹಸುವಿಗೆ ಕಾಣದು.
ಬೂತಾಯಿಗೆ ಕಾಣುತ್ತದೆ."

ಏನೂ ಸಿಗದ್ದು ಕನ್ನಡಿಯ ಹಾಗೇ ಉಳಿಯಿತು.
ಬರೀ ಯೂರಿಯಾ ಕುಡಿದದ್ದು
ತುಸು ಹಸಿರಾಗಿ ಅಲ್ಲೇ ನಿಂತಿತು,
ಅಕ್ಕಿ ಮೂಟೆಗಟ್ಟಲೆ ಇದ್ದು
ಸೌದೆ ಮುಗಿದ ಮದುವೆಮನೆ.

ಎರಡೂ ಸಿಕ್ಕಿದ್ದು ಮಾತ್ರ ಮೆರೆಯಿತು.
ಆರನೆಯ ದಿನ ಅರೆದ ಸೊಪ್ಪಿನ ರಸ.
ಹುಡುಗರು ಚಪ್ಪಾಳೆ ಹೊಡೆದರು, ನಾನೂ.
ಒಂಬತ್ತನೆಯ ದಿನ ಬೀಗ ತೆಗೆದರೆ
ಕೊಳೆತ ಮೊಟ್ಟೆ.
ರಾತ್ರಿಯಿಡೀ ಉಂಡು, ಸತ್ತು, ಸತ್ತದ್ದು ಕೊಳೆತು,
ತನ್ನ ಉಸಿರನ್ನು ತಾನೇ ಮುಗಿಸಿಕೊಂಡಿತ್ತು.

ಹೊಳೆ ನೀರಿನದು ಅವಸರ ಮಾಡಲಿಲ್ಲ.
ಹದಿನೈದು ದಿನಕ್ಕೆ ತೆಳು ಚಹಾದ ಬಣ್ಣ.
ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು:
ಗಾಜಿನ ಡಬ್ಬಿ, ಗಾಜಿನ ದೋಣಿ, ಬಳೆಯ ಚೂರು,
ಒಂದೊಂದರ ಹೊಟ್ಟೆಯಲ್ಲೂ ಬೆಲ್ಲದಷ್ಟು ಬಿಸಿಲು.
"ಈ ಗಾಜು ಕಲ್ಲಿನದು. ನಿಮ್ಮ ಬೆಟ್ಟ ಕರಗಿ
ಇಳಿದು ಹೋಗಿ ಅಲ್ಲಿ ಇವಕ್ಕೆ ಅಂಗಿಯಾಗುತ್ತದೆ."

ನನ್ನಪ್ಪ ದೋಣಿಗಲ್ಲಿನ ರೈಲು ಹಳಿಗೆ ಜಲ್ಲಿ ಒಡೆದವನು.
ಕಲ್ಲು ಅನ್ನ ಹಾಕುತ್ತದೆ ಅಂತ
ಅವನೂ ಹೇಳುತ್ತಿದ್ದ.
ಬೇರೆ ಅರ್ಥದಲ್ಲಿ.

ಪ್ರಯೋಗ ಮುಗಿಯಿತು, ಚೆಲ್ಲಿ ತೊಳೆದಿಡು ಅಂದರು.
ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.
ಈ ಸಿಂಕು ಚರಂಡಿಗೆ, ಚರಂಡಿ ಹೇಮಾವತಿಗೆ,
ಹೇಮಾವತಿ ಮೂಡಲಿಗೆ.
ಪಡುವಣದ ನೀರನ್ನು ಕೇಳದೆ ಕೇಳದೆ
ಬೇರೊಂದು ಕಡಲಿಗೆ ಕೊಟ್ಟುಬಿಡುವುದೆ?
ನಾರುವುದನ್ನು ಹಿತ್ತಲ ಗುಂಡಿಗೆ ಹೊಯ್ದೆ.
ಉಳಿದೆರಡು, ಏನು ಹೇಳಲಿ, ಸಿಂಕಿಗೇ ಹೋದವು.

ಶುಕ್ರವಾರ ನಾಲ್ಕನೆಯದಕ್ಕೆ ಮುಚ್ಚಳ ಬಿಗಿದು
ಇದಿನಬ್ಬನ ಕೈಗಿಟ್ಟೆ.
ಬೆಳಕಿಗೆ ಹಿಡಿದು ಅಲುಗಿಸಿದ. "ಎಂತದಿದು?"
"ನಿಮ್ಮ ಮೀನಿನ ಊಟ. ಹಿಂದಕ್ಕೆ ಬಿಡು.
ನಮ್ಮ ಕಡೆಯ ಕಲ್ಲು ಸ್ವಲ್ಪ ಬಿದ್ದಿದೆ."

ಅವನು ಖಾಲಿ ಕ್ರೇಟುಗಳ ಜೊತೆ ಇಡಲಿಲ್ಲ.
ಪಕ್ಕದ ಸೀಟಿನಲ್ಲಿ ಕೂರಿಸಿ,
ಘಾಟಿಯ ತಿರುವುಗಳಿವೆಯಲ್ಲ,
ಟವೆಲು ಸುತ್ತಿದ.