ಮೂವತ್ತಾರು ಮಣಿ

ಡೆಂಟಲ್ ಕಾಲೇಜಿನಿಂದ ಕೇಳಿ ತಂದ ಸಿಮೆಂಟು,
ಹಲ್ಲಿಗಲ್ಲ, ನೆತ್ತಿಗೆ.
ಇಲಿಯ ಬುರುಡೆಯಲ್ಲಿ ಗುಂಡುಸೂಜಿಯಷ್ಟು ಸಣ್ಣ ಕೊಳವೆ ಕೂರಿಸಿ
ಅದು ಗಟ್ಟಿಯಾಗುವ ತನಕ ಉಸಿರು ಬಿಗಿಹಿಡಿದು ಕೂತಿದ್ದೇನೆ.
ಹೊರಗೆ ದಾವಣಗೆರೆಯ ಏಪ್ರಿಲ್.
ಕರೆಂಟು ಹೋಗಿ, ಬಂದು, ಹೋಗಿ,
ಪ್ರಾಣಿಮನೆಯ ಫ್ಯಾನಿಗೆ ಅದರದೇ ಮರ್ಜಿ.

ಕೊಳವೆಯ ಕೆಳಗೆ, ಮಿದುಳಿನ ತಳದಲ್ಲಿ
ನೀರು ತುಂಬಿದ ಒಂದು ಸೀಳು,
ಅದರ ಗೋಡೆಗಂಟಿ ಹಸಿವಿನ ಕಚೇರಿ.
ನಾನು ಒಳಗೆ ಬಿಡುವುದು ಐದು ಮೈಕ್ರೋಲೀಟರು:
ಮೂವತ್ತಾರು ಅಮೈನೋ ಆಮ್ಲ ಪೋಣಿಸಿದ ಸರ,
ಮೊದಲ ಮಣಿಯೂ ಟೈರೋಸಿನ್, ಕೊನೆಯದೂ ಟೈರೋಸಿನ್.
ಗೌಸಣ್ಣನ ಹಣೆಯ ಒಂದು ಬೆವರಹನಿಯಷ್ಟೂ ಇಲ್ಲ.

ಬೆಳಗಿನ ಹನ್ನೊಂದು, ಇಲಿಗಳಿಗೆ ನಡುರಾತ್ರಿ.
ಉಂಡು ಮಲಗಿದ್ದ ಹನ್ನೊಂದನೇ ಇಲಿ ಎದ್ದಿತು,
ಮೂತಿ ಒರೆಸಿಕೊಂಡಿತು,
ತಿಂದಿತು.
ತಿನ್ನುತ್ತಲೇ ಇತ್ತು,
ಕೊನೇ ಪಂಕ್ತಿಗೆ ಕೂತವನ ಅವಸರದಲ್ಲಿ.
ಗೌಸಣ್ಣ ಬೋನಿನಡಿಯ ಪುಡಿಯನ್ನೂ ಗುಡಿಸಿ ತೂಗಿ
"ನಾಲ್ಕು ತಾಸಿಗೆ ಒಂಬತ್ತು ಗ್ರಾಮು ಮೇಡಂ,
ಇದರ ಹೊಟ್ಟೆಗೆ ತಳ ಇಲ್ಲೇನ್ರಿ?" ಅಂದ.
ಅವನಿಗೆ ಆವತ್ತು ರೋಜಾ.
ನನ್ನ ಬೆಣ್ಣೆದೋಸೆಯ ಪೊಟ್ಟಣ ಮೇಜಿನ ಮೇಲಿತ್ತು,
ಬೆಣ್ಣೆ ಕಾಗದ ದಾಟಿ ತೂಕದ ಪಟ್ಟಿಗೆ ಇಳಿದಿತ್ತು.
ಡ್ರಾಯರಿಗೆ ತಳ್ಳಿದೆ.
"ತಿನ್ರಿ ಮೇಡಂ. ನಂದು ಮಧ್ಯಾಹ್ನದ ತನಕ ಕೇಳ್ತದೆ,
ಆಮೇಲೆ ಅದೇ ಸುಮ್ಕಾಗ್ತದೆ."

ದಿನಾ ಮುಂಜಾನೆ ಇಲಿಗಳ ಗಾಜುಪಟ್ಟಿ.
ಮೈಕ್ರೋಸ್ಕೋಪಿನಡಿ ಒಂದು ದಿನ
ತೆಳು ಅವಲಕ್ಕಿ ಚೆಲ್ಲಿದಂತೆ ಕೋಶಗಳು: ಅಂದರೆ ಬೆದೆ.
ಆಮೇಲೆ ಸಾಸಿವೆ, ಸಾಸಿವೆ, ಮತ್ತೆ ಅವಲಕ್ಕಿ.
ನಾಲ್ಕು ದಿನಕ್ಕೊಂದು ಸುತ್ತು,
ನಮ್ಮೂರ ಸಿಟಿ ಬಸ್ಸಿಗಿಂತ ನಂಬಿಗಸ್ತ.
ಆ ಸರವನ್ನು ವಾರವಿಡೀ ಹನಿಸಿದ ಇಲಿಗಳಲ್ಲಿ
ಬರೀ ಸಾಸಿವೆ.
ಆರನೇ ದಿನವೂ, ಏಳನೇ ದಿನವೂ.
ಮೈ ತುಂಬಿದೆ, ಬೋನು ತುಂಬ ಕಾಳಿದೆ,
ಮಿದುಳಿಗೆ ಮಾತ್ರ ಬರ ಬಂತೆಂದು ಸುದ್ದಿ ಮುಟ್ಟಿದೆ.
ಅದು ಪಿಟ್ಯುಟರಿಗೆ ಹೇಳಿಕಳಿಸಿದೆ: ಈಗ ಬೇಡ.
ಮರಿ ಆಮೇಲೆ. ಮೊದಲು ಇದೊಂದು ಜೀವ ಉಳಿಯಲಿ.

ಗೈಡ್ ಸರ್ ಗ್ರಾಫು ನೋಡಿ ಖುಷಿಪಟ್ಟರು.
ನಾನು ಮನೆಗೆ ಹೋಗಿ ಅವ್ವನನ್ನು ಕೇಳಿದೆ,
ಅಕ್ಕನಿಗೂ ನನಗೂ ನಡುವೆ ಏಳು ವರ್ಷ ಯಾಕೆ?

ಹಾಲಮ್ಮ, ನೂಲಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ರೀಲು ಸುತ್ತಿದವಳು,
ಅಕ್ಕಿ ಆರಿಸುವ ಕೈ ನಿಲ್ಲಿಸಲಿಲ್ಲ.
"ಗಿರಣಿಗೆ ಬೀಗ ಬಿದ್ದ ಮ್ಯಾಲೆ ಮುಟ್ಟು ನಿಂತ್ತು.
ಬಸಿರು ಅಂದ್ಕಂಡ್ರು ವಠಾರದ ಮಂದಿ.
ಹುಣಸೆಕಾಯಿ ತಂದ್ಕೊಟ್ರು,
ನಿಮ್ಮ ದೊಡ್ಡವ್ವ ಹಸಿರು ಬಳಿ ಇಡಿಸಿದ್ಲು.
ಐದು ತಿಂಗಳಾದ್ರೂ ಹೊಟ್ಟಿ ಬೆನ್ನಿಗೇ ಹತ್ತಿತ್ತು."
ನಕ್ಕಳು.
"ಹುಣಸೆಕಾಯಿ ಮಾತ್ರ ಎಲ್ಲಾ ತಿಂದೆ ಅನ್ನು.
ಉಣ್ಣಾಕೆ ಇದ್ದಿದ್ದು ಅದೇ."

ಮೊರದಿಂದ ಒಂದು ಕಲ್ಲು ತೆಗೆದು ಎಸೆದಳು.
ಅಂದರೆ ಏಳು ವರ್ಷ, ಅವಳ ಮಿದುಳಿನ ತಳದಲ್ಲಿ,
ಈಗ ಬೇಡ, ಈಗ ಬೇಡ
ಅನ್ನಿಸಿಕೊಳ್ಳುತ್ತ ಹೊರಗೆ ನಿಂತವಳು ನಾನು.

ಸೋಮವಾರ ಹನ್ನೊಂದನೇ ಇಲಿಗೆ ಬರೀ ಉಪ್ಪುನೀರು.
ಮಂಗಳವಾರವೂ. ಬುಧವಾರವೂ.
ಗುರುವಾರದ ಗಾಜಿನಲ್ಲಿ, ಸಾಸಿವೆಯ ನಡುವೆ, ಅಂಚಿಗೆ,
ಅವಲಕ್ಕಿಯ ಎರಡು ಚೂರು.
ಬೆಣ್ಣೆಯ ಕಲೆಯಿದ್ದ ಪಟ್ಟಿಯಲ್ಲಿ
'ಖಚಿತವಿಲ್ಲ' ಎಂದು ಬರೆದು
ಮತ್ತೊಮ್ಮೆ ನೋಡಲು ಬಗ್ಗಿದೆ.