ಎಷ್ಟು ಗ್ರಾಮು?

ಭಾಂಡುಪಿನ ಈ ಖೋಲಿಗೆ ಒಂದೇ ಕಿಟಕಿ,
ಅದೂ ತೆರೆಯುವುದು ಡಕ್ಟಿಗೆ:
ನಾಲ್ಕು ಮಾಳಿಗೆಯ ಪೈಪು, ಪಾರಿವಾಳದ ಹಿಕ್ಕೆ,
ಮೇಲೆಲ್ಲೋ ಕರವಸ್ತ್ರದಷ್ಟು ಆಕಾಶ.
ತುಳಸಿ ತಂದೆ, ಹದಿನೈದೇ ದಿನ.
ಮಲ್ಲಿಗೆ ಮುನಿಸಿಕೊಂಡು ಹೋಯಿತು.
ಇನ್ನು ಪ್ಲಾಸ್ಟಿಕ್ಕಿನ ಹೂವೇ ಗತಿ ಅಂದುಕೊಂಡಿದ್ದೆ.

ದಾದರಿನ ಪೂಲಿನಡಿ ಗಿಡ ಮಾರುವ ಹುಡುಗ
ಅಂಗೈಗೆ ಇದನ್ನಿಟ್ಟ:
"ಬಿಸಿಲೇ ಇದರ ಶತ್ರು, ಮಾವ್ಶಿ. ಜ್ಯುವೆಲ್ ಆರ್ಕಿಡ್.
ಹೂವಿಗಲ್ಲ, ಎಲೆಗೆ ಸಾಕೋದು."

ಮಾಗಿದ ನೇರಳೆಯ ಬಣ್ಣದ ಮಖಮಲ್ಲು,
ಉದ್ದಕ್ಕೂ ಕೂದಲೆಳೆಯ ಗೆರೆ.
ಮೊಬೈಲಿನ ಟಾರ್ಚು ಹಾಕಿ ಓರೆ ಹಿಡಿದೆ,
ಮಿನುಗಿತು.
ಹಾಳು ಅಭ್ಯಾಸ, ಮೊದಲು ಹೊಳೆದದ್ದು ಇದು:
ತಾಮ್ರ ಹೆಚ್ಚು, ಹದಿನಾಲ್ಕು ಕ್ಯಾರೆಟ್ ದಾಟಲಿಕ್ಕಿಲ್ಲ.

ಮಾಹಿಮಿನ ಗಿರವಿ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನೇ ತಕ್ಕಡಿ.
ಕರಿಕಲ್ಲಿಗೆ ಉಜ್ಜಿ, ಆಸಿಡ್ಡಿನ ಹನಿ ಬಿಟ್ಟು,
ಕಲ್ಲು ಕಳೆದು, ಅರಗು ಕಳೆದು,
ಮದುವೆ, ಬಾಣಂತನ, ಯಾರದೋ ಅಜ್ಜಿಯ ಕೈಬಿಸಿ ಕಳೆದು
ಉಳಿದದ್ದಷ್ಟೇ ತೂಕ.

ಇದರ ಲೆಕ್ಕ ಬೇರೆ.
ಟ್ಯಾಂಕರಿನ ನೀರು ಬಿದ್ದರೆ ಎಲೆಗೆ ಸುಣ್ಣದ ಕಲೆ.
ಮೂರನೇ ಮಾಳಿಗೆಯ ಗವಾಣ್ಕರರ ಏಸಿ
ರಾತ್ರಿಯಿಡೀ ಡಕ್ಟಿನಲ್ಲಿ ತೊಟ್ಟಿಕ್ಕುತ್ತದೆ;
ಸರಳಿಗೆ ಶ್ರೀಖಂಡದ ಡಬ್ಬಿ ಕಟ್ಟಿದ್ದೇನೆ.
ತೆಂಗಿನ ನಾರು, ಇದ್ದಿಲ ಚೂರು, ಒಣ ಪಾಚಿ ಸಾಕು.
ದಂಟು ಮಲಗಿಕೊಂಡೇ ನಡೆಯುತ್ತದೆ,
ಆಳಕ್ಕಿಳಿಯುವ ಹಠವಿಲ್ಲ.
ಬೆರಳಿಗೆ ಒದ್ದೆ ತಾಕಿದರೆ ಸುಮ್ಮನಿರಬೇಕು.
ಸುಮ್ಮನಿರುವುದನ್ನು ಕಲಿಯುವಷ್ಟರಲ್ಲಿ
ಎರಡು ದಂಟು ಕೊಳೆತಿದ್ದವು.

ತಾರಾಮತಿ ತಾಂಡೇಲ್ ಪ್ರತಿ ಜೂನಿಗೆ ಬರುವಳು.
ದೋಣಿ ದಡ ಹತ್ತಿದ ದಿನ ಪಾಟ್ಲಿಗಳು ನನ್ನ ತಕ್ಕಡಿಗೆ,
ನಾರಳಿ ಪೌರ್ಣಿಮೆಯ ಹೊತ್ತಿಗೆ ಮತ್ತೆ ಅವಳ ಕೈಗೆ.
"ಮಳೆಗಾಲಕ್ಕೆ ನಿನ್ನ ತಿಜೋರಿ ಇವಕ್ಕೆ ತವರು" ಎಂದು
ಹೆಬ್ಬೆರಳು ಮಡಿಸಿ ಏರಿಸಿಕೊಳ್ಳುವಳು.
ಹೋದ ವರ್ಷ ಬಿಡಿಸಲು ಬರಲಿಲ್ಲ.
ನೋಟೀಸು ಹೋಯಿತು. ಇನ್ನೊಂದೂ ಹೋಯಿತು.
ಹರಾಜಿನ ಪಟ್ಟಿಯಲ್ಲಿ ಅವಳ ಹೆಸರು
ನನ್ನದೇ ಅಕ್ಷರ.

ಡಿಸೆಂಬರಿನಲ್ಲಿ ಗಿಡ ಕಡ್ಡಿ ಎತ್ತಿತು.
ಹೂ ಬಿಟ್ಟರೆ ಎಲೆ ಸೊರಗುತ್ತೆ, ಕತ್ತರಿಸಿಬಿಡು,
ಅಂದಿದ್ದ ಹುಡುಗ.
ಕತ್ತರಿ ಹಿಡಿದು, ಮತ್ತೆ ಮೊಳೆಗೆ ತೂಗಿಹಾಕಿದೆ.
ನೆನೆಸಿದ ಸಾಬಕ್ಕಿಯಂಥ ಹೂ, ನಡುವೆ ಅರಿಸಿನದ ಚುಕ್ಕೆ,
ಒಂದೊಂದಕ್ಕೂ ಸೊಟ್ಟ ಮೂತಿ.
ಬುಡದ ಎರಡೆಲೆ ಬಾಡಿದವು.
ಹುಡುಗ ಸುಳ್ಳು ಹೇಳಿರಲಿಲ್ಲ.

ಅದೇ ವಾರ ಬಂದಳು.
ಗಂಡನಿಗೆ ಸಕ್ಕರೆ ಕಾಯಿಲೆ, ಕಾಲು ತೆಗೆದಿದ್ದರಂತೆ.
ಕೂಗಾಡಲಿಲ್ಲ. ರಸೀದಿಯನ್ನು ಹಳೆಯ ಮಡಿಕೆಯಲ್ಲೇ ಮಡಚಿ
"ಕರಗಿಸಿದರಾ?" ಅಂದಳು.
ಹೂಂ ಅಂದೆ.

ರಾತ್ರಿ ಕುಂಡ ಸರಿಸುವಾಗ ದಂಟು ಟಕ್ಕೆಂದಿತು, ಸರಿಯಾಗಿ ಗೆಣ್ಣಿಗೆ.
ತುಂಡನ್ನು ಒದ್ದೆ ಪಾಚಿಯ ಮೇಲೆ ಮಲಗಿಸಿದೆ.
ಆರು ವಾರಕ್ಕೆ ಬೇರು, ಬಿಳಿ, ರೋಮ ರೋಮ.
ಉಪ್ಪಿನಕಾಯಿ ಬಾಟಲಿಯನ್ನು ಮೂರು ಸಲ ತೊಳೆದು
ಅದರಲ್ಲಿಟ್ಟುಕೊಂಡು ಮೀನು ಮಾರ್ಕೆಟ್ಟಿಗೆ ಹೋದೆ.

ಬೊಂಬಿಲ್ ಬಿಡಿಸುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು
ಬಾಟಲಿಯನ್ನು ಬಲ್ಬಿಗೆ ಹಿಡಿದಳು.
ಆ ಕಡೆ ತಿರುಗಿಸಿದಳು, ಈ ಕಡೆ.
ಆಮೇಲೆ ನಕ್ಕಳು:
"ಎಷ್ಟು ಗ್ರಾಮು?"

ಬಿಸಿಲಿಗಿಡಬೇಡ ಅಂದೆ, ಉಪ್ಪು ತಾಕಿಸಬೇಡ.
"ಉಪ್ಪು ತಾಕದ ಮೂಲೆ ನನ್ನ ಮನೆಯಲ್ಲಿ
ನೀನೇ ಬಂದು ಹುಡುಕು."
ಹಲಗೆಯ ಕೆಳಗೆ, ದುಡ್ಡಿನ ಡಬ್ಬಿಯ ಪಕ್ಕ,
ಕತ್ತಲಲ್ಲಿ ಇಟ್ಟಳು.

ಬದುಕಿದೆಯೋ, ಕೇಳಿಲ್ಲ.
ಇವತ್ತು ಮೇ ಇಪ್ಪತ್ತೆಂಟು. ಗೋಡೆ ಬೆವರತೊಡಗಿದೆ,
ಗಿಡಕ್ಕೆ ಒಳ್ಳೆಯ ಕಾಲ.
ಅಲ್ಲಿ ದೋಣಿಗಳನ್ನು ದಡಕ್ಕೆಳೆಯುತ್ತಿದ್ದಾರೆ.