ಹುಳಿ ಹಿಂಡುವ ಕೈ

ಓರ್ಹುಸ್‌ನಲ್ಲಿ ನವೆಂಬರ್. ಮಧ್ಯಾಹ್ನ ಮೂರೂವರೆಗೇ
ಪ್ರಯೋಗಶಾಲೆಯ ಕಿಟಕಿ ಕಪ್ಪಿಟ್ಟಿದೆ.
ಗಾಜಿನ ಬಟ್ಟಲಲ್ಲಿ ಇಲಿಯ ಕಾಲಿನ ಒಂದು ಸ್ನಾಯು,
ಎರಡೂ ತುದಿಗೆ ದಾರ.
ವಿದ್ಯುತ್ತು ತಾಗಿದಾಗೆಲ್ಲ ಜಗ್ಗುತ್ತಿತ್ತು,
ಪರದೆಯ ಮೇಲೆ ಗುಡ್ಡ ಬರೆಯುತ್ತಿತ್ತು.
ಬೆರ್ಗ್‌ಲ್ಯೋಟ್ ಪೊಟ್ಯಾಸಿಯಂ ಏರಿಸಿದ್ದಾಳೆ, ದಣಿವಿನಷ್ಟು.
ಗುಡ್ಡ ಸವೆದು ಸವೆದು ಈಗ ಬಯಲು.

ಫ್ಯಾರೋ ದ್ವೀಪದ ಕೊಲ್ಲಿಯಲ್ಲಿ
ಆರು ಹುಟ್ಟಿನ ದೋಣಿಯ ಚುಕ್ಕಾಣಿ ಹಿಡಿದು
ಅಪ್ಪ ಕೂಗುತ್ತಿದ್ದ:
‘ತೋಳಿಗೆ ಹುಳಿ ಏರುತ್ತಿದೆ, ಅದು ನಿಮ್ಮನ್ನು ತಿನ್ನುವ ಮೊದಲು
ಗೆರೆ ದಾಟಿ!’
ಅವಳದು ಮೂರನೆಯ ಹುಟ್ಟು.
ಕೊನೆಯ ನೂರು ಮೀಟರು ಉರಿ, ಬರೀ ಉರಿ.
ಹದಿನೇಳು ವರ್ಷ ಆ ಉರಿಯನ್ನು ಶಪಿಸಿದ್ದಾಳೆ.

ನಮ್ಮ ಮಾತಿನಲ್ಲೂ ಅಷ್ಟೇ. ಕೂಡಿದ್ದವರು ಒಡೆದರೆ
ಯಾರೋ ಹುಳಿ ಹಿಂಡಿದರು ಎನ್ನುತ್ತೇವೆ;
ರಾತ್ರಿ ಹಾಲಿಗೆ ಬಿಟ್ಟ ಹೆಪ್ಪನ್ನು
ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪೊರೆಯ ತುಂಬ ಕಿರುಬಾಗಿಲುಗಳು.
ಉಪ್ಪಿನ ಅರ್ಧ ಪಾಲು, ಕ್ಲೋರೈಡು,
ಅಲ್ಲಿ ಮೆಲ್ಲಗೆ ಓಡಾಡುತ್ತದೆ,
ಮಗು ಮಲಗಿದ ಮನೆಯವರ ಹಾಗೆ
ಎದ್ದ ಪ್ರತಿ ಕೂಗಿಗೂ ‘ಶ್’ ಎನ್ನುತ್ತ.
ಬೇಕು ಆ ‘ಶ್’. ಹುಟ್ಟಿನಿಂದಲೇ ಅದು ಸಾಲದವರ ಕೈ
ಕುಲುಕಲು ಹಿಡಿದ ಕೈಯನ್ನು
ಥಟ್ಟನೆ ಬಿಡಲಾರದು.
ಆದರೆ ದಣಿದ ಸ್ನಾಯುವಿನ ಕೂಗೇ ಪಿಸುಮಾತು.
ಅದಕ್ಕೂ ‘ಶ್’ ಎಂದರೆ?

ಈಗ ಹುಳಿ ಬಿಡುತ್ತಾಳೆ. ಲ್ಯಾಕ್ಟಿಕ್ ಆಮ್ಲ, ಅಳೆದು,
ತೊಟ್ಟು ತೊಟ್ಟಾಗಿ.
ಕಾಯುತ್ತಾಳೆ. ಕಾಫಿ ಆರುತ್ತದೆ.
ಬಯಲಿನಲ್ಲೊಂದು ಉಬ್ಬು.
ಮೇಜು ಅಲುಗಿರಬೇಕು, ಅಂದುಕೊಂಡಳು.
ಇನ್ನೊಂದು.
ಮತ್ತೊಂದು, ತುಸು ಎತ್ತರ.

ಹುಳಿ ಒಳಹೊಕ್ಕು
ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಿದೆ,
ಪಿಸುಮಾತು ಎಳೆಯ ತುದಿಯವರೆಗೂ ಕೇಳಲೆಂದು.
ಶತ್ರು ಎಂದು ಹೆಸರಾದದ್ದು
ಇಷ್ಟು ಹೊತ್ತೂ ದೋಣಿಯೊಳಗೇ ಕೂತು
ಹುಟ್ಟು ಹಾಕುತ್ತಿತ್ತು.

ಅಪ್ಪನಿಗೆ ಫೋನು ಮಾಡಿದಳು. ಆ ಕಡೆ ಗಾಳಿಯ ಸದ್ದು,
ಕುರಿಗಳನ್ನು ಒಳಗಟ್ಟುತ್ತಿದ್ದಾನಂತೆ.
ಎಲ್ಲ ಕೇಳಿಸಿಕೊಂಡ. ಆಮೇಲೆ, ತಡೆದು:
‘ಹಾಗಾದರೆ ಆ ವರ್ಷ ನಾವು ಸೋತದ್ದು ಯಾಕೆ?’

ಅದು ಈ ಬಟ್ಟಲಲ್ಲಿಲ್ಲ.
ಅವಳು ಎಡ ಮುಂಗೈಯನ್ನು ಬಲಗೈಯಿಂದ ಉಜ್ಜಿಕೊಂಡಳು,
ಹಳೆಯ ಉರಿ ಇದ್ದ ಜಾಗ,
ಕ್ಷಮೆ ಕೇಳುವ ಹಾಗೆ ಅಲ್ಲ,
ಇದ್ದೀಯಾ ಎಂದು ವಿಚಾರಿಸುವ ಹಾಗೆ.